ಮುಟ್ಟು ತಪ್ಪಿದರೆ ಸುಮ್ಮನಿರಬೇಡಿ



ನಮ್ಮ ಚನ್ನಗಿರಿ ಅಡಿಕೆಯ ಸೀಮೆ. ಕೊಯ್ಲು ಬಂತೆಂದರೆ ನಮ್ಮ ಕೈಗೆ ಬಿಡುವಿಲ್ಲ. ಎರಡು ಮೂರು ತಿಂಗಳು ಮುಟ್ಟು ಆಗದಿದ್ದರೂ "ಕೊಯ್ಲು ಮುಗೀಲಿ, ಆಮೇಲೆ ನೋಡೋಣ" ಅಂತೀವಿ. ಮದುವೆಯಾಗದ ಹುಡುಗಿಯರು ಹೇಳಲು ನಾಚುತ್ತಾರೆ. ಹೀಗೆ ಸುಮ್ಮನಿರಬಾರದು. ಯಾಕೆ?

ಹಾರ್ಮೋನು ಎಂದರೇನು?

ನಮ್ಮ ಮೈಯೊಳಗೆ ಕೆಲವು ಗ್ರಂಥಿಗಳಿವೆ. ಅವು ಒಂದು ಬಗೆಯ ರಸ ಮಾಡುತ್ತವೆ. ಅದೇ ಹಾರ್ಮೋನು. ಮುಟ್ಟು ಬರುವುದು, ಉಂಡದ್ದು ಶಕ್ತಿಯಾಗುವುದು ಇದರ ಕೆಲಸದಿಂದ.

ಕೆಲವು ಹೆಂಗಸರಲ್ಲಿ ಗಂಡಸರ ಹಾರ್ಮೋನು ಹೆಚ್ಚಾಗುತ್ತದೆ. ಆಗ ಮುಟ್ಟು ತಪ್ಪುತ್ತದೆ. ಗದ್ದದ ಮೇಲೆ ಕೂದಲು ಬರುತ್ತದೆ. ಮೊಡವೆ ಏಳುತ್ತವೆ. ಕೆಲವರ ಕತ್ತಿನ ಹಿಂದೆ ಕಪ್ಪಾಗುತ್ತದೆ. ಡಾಕ್ಟರು ಇದನ್ನು ಪಿ.ಸಿ.ಓ.ಎಸ್. ಅನ್ನುತ್ತಾರೆ. ಮಕ್ಕಳಾಗುವ ವಯಸ್ಸಿನ 100 ಹೆಂಗಸರಲ್ಲಿ 6ರಿಂದ 13 ಮಂದಿಗೆ ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೆಳ್ಳಗಿದ್ದವರಿಗೂ ಬರಬಹುದು.

ಲಿವರಿಗೂ ಇದಕ್ಕೂ ಏನು ಸಂಬಂಧ?

ಇನ್ಸುಲಿನ್ ಕೂಡ ಒಂದು ಹಾರ್ಮೋನು. ರಕ್ತದಲ್ಲಿರುವ ಸಕ್ಕರೆಯನ್ನು ಮೈಗೆ ಬಿಡುವ ಕೀಲಿಕೈ ಅದು. ಪಿ.ಸಿ.ಓ.ಎಸ್. ಇರುವ ಬಹಳ ಮಂದಿಗೆ ಈ ಕೀಲಿ ಸರಿಯಾಗಿ ತಿರುಗುವುದಿಲ್ಲ. ರಕ್ತದಲ್ಲಿ ಸಕ್ಕರೆ ಏರುತ್ತದೆ. ಲಿವರಿನಲ್ಲಿ ಕೊಬ್ಬು ತುಂಬುತ್ತದೆ.

"ಕುಡಿಯೋರಿಗೆ ಮಾತ್ರ ಲಿವರ್ ಕೆಡೋದು" ಅಂತಾರೆ. ಅದು ನಿಜವಲ್ಲ. ಹೆಂಡ ಮುಟ್ಟದ ಹೆಂಗಸಿನ ಲಿವರಿಗೂ ಕೊಬ್ಬು ಸೇರುತ್ತದೆ. ಮೊದಮೊದಲು ನೋವಿಲ್ಲ, ಗೊತ್ತೇ ಆಗುವುದಿಲ್ಲ. ಹಾಗೇ ಬಿಟ್ಟರೆ ಕೆಲವರಿಗೆ ವರ್ಷಗಳು ಕಳೆದಂತೆ ಲಿವರ್ ಗಟ್ಟಿಯಾಗಿ ಕೆಟ್ಟುಹೋಗುತ್ತದೆ.

ಥೈರಾಯ್ಡ್ ಹಾರ್ಮೋನು ಕಡಿಮೆಯಾದರೂ, ವಯಸ್ಸಾಗಿ ಮುಟ್ಟು ನಿಂತ ಮೇಲೂ ಲಿವರಿಗೆ ಕೊಬ್ಬು ಸೇರುವುದು ಹೆಚ್ಚು.

ಏನು ಮಾಡಬೇಕು?

ಮುಟ್ಟು ತಪ್ಪಿದರೆ ಮೊದಲು ಬಸಿರೇ ಎಂದು ನೋಡಿಸಿ. ಅಲ್ಲವಾದರೆ ಡಾಕ್ಟರಿಗೆ ಎಲ್ಲ ಹೇಳಿ. "ಸಕ್ಕರೆ, ಥೈರಾಯ್ಡ್, ಲಿವರ್ ನೋಡಬೇಕೇ?" ಎಂದು ಕೇಳಿ. ಕೇಳಲು ಸಂಕೋಚ ಬೇಡ. ಲಿವರಿನ ಕೊಬ್ಬನ್ನೂ ಕೇಂದ್ರ ಸರ್ಕಾರ 2021ರಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ. ತಡೆಯುವ ಕಾರ್ಯಕ್ರಮಕ್ಕೆ ಸೇರಿಸಿದೆ. ದಾರಿ ತಿಳಿಯದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ. 70 ಕಿಲೋ ತೂಗುವವರು 5 ಕಿಲೋ ಇಳಿದರೂ ಲಿವರಿನ ಕೊಬ್ಬು ಕರಗತೊಡಗುತ್ತದೆ. ಎಷ್ಟೋ ಜನರಿಗೆ ಮುಟ್ಟೂ ಸರಿಯಾಗುತ್ತದೆ.

ಅನ್ನ ಕಡಿಮೆ ಮಾಡಿ. ಸೊಪ್ಪು, ಕಾಳು ಹೆಚ್ಚು ತಿನ್ನಿ. ಟೀಗೆ ಸಕ್ಕರೆ, ಬೆಲ್ಲ ಎರಡೂ ಕಡಿಮೆ ಇರಲಿ. ಅಡಿಕೆ ಸುಲಿಯುವಾಗ ನಡುನಡುವೆ ಎದ್ದು ಓಡಾಡಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಡಾಕ್ಟರು ಹೇಳದೆ ಅಂಗಡಿಯ ಮಾತ್ರೆ ನುಂಗಬೇಡಿ.

ಒಂದು ಮಾತು. ಮುಟ್ಟು ಸರಿಯಿಲ್ಲ, ಮಕ್ಕಳಾಗಿಲ್ಲ ಎಂದು ಯಾವ ಹೆಣ್ಣನ್ನೂ ಹಂಗಿಸಬಾರದು. ಇದು ಶಾಪವಲ್ಲ, ಕಾಯಿಲೆ. ಇದಕ್ಕೆ ಔಷಧಿ ಇದೆ. ಸೊಸೆ, ಮಗಳು ನಾಚಿಕೊಂಡರೆ ನಾವೇ ಜೊತೆಗೆ ಆಸ್ಪತ್ರೆಗೆ ಹೋಗೋಣ.