ಕರೆಂಟ್ ಕೊಡುವ ಮುನ್ನ ಲೆಕ್ಕ ತಾಳೆ

ನಮ್ಮ ಖಾಲಾ ನಿಪ್ಪಾಣಿಯವರು. ಚಿಕ್ಕಂದಿನಿಂದ ಬೀಡಿ ಕಟ್ಟಿದವರು, ಹಲ್ಲಿಗೆ ಮಿಶ್ರಿ ಹಚ್ಚುವ ಅಭ್ಯಾಸವೂ ಇತ್ತು. ಕಳೆದ ವರ್ಷ ಅವರಿಗೆ ಬಾಯಿ ಕ್ಯಾನ್ಸರ್ ಎಂದು ಗೊತ್ತಾಯಿತು. ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ರೇಡಿಯೋಥೆರಪಿ, ಅಂದರೆ ನಮ್ಮ ಜನ ಹೇಳುವ ‘ಕರೆಂಟ್’ ಕೊಡಬೇಕೆಂದರು. ಪ್ಲಾನ್ ಸಿದ್ಧವಾದ ಮೇಲೂ ಎರಡು ದಿನ ಕಾಯಬೇಕಾಯಿತು. ಅಮ್ಮಿಗೆ ಗಾಬರಿ. “ಪ್ಲಾನ್ ಚೆಕ್ ಮಾಡದೆ ಶುರು ಮಾಡೋದಿಲ್ಲಮ್ಮ” ಎಂದರು ಅಲ್ಲಿನ ಫಿಸಿಸಿಸ್ಟ್ ಮೇಡಂ. ಏನು ಚೆಕ್ ಎಂದು ಕೇಳಿ, ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಯಿ, ಗಂಟಲಿನ ಕ್ಯಾನ್ಸರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇ, ವಾರಕ್ಕೆ 5 ದಿನ, ಒಟ್ಟು 35 ದಿನಕ್ಕೆ 70 ಗ್ರೇ ಕೊಡುತ್ತಾರೆ. ಗ್ರೇ ಎಂದರೆ ಡೋಸಿನ ಅಳತೆ. ಯಂತ್ರದ ತಲೆಯಲ್ಲಿರುವ ಲೋಹದ ತೆಳು ಪಟ್ಟಿಗಳು ಸರಿದಾಡಿ ಕಿರಣಕ್ಕೆ ಗಡ್ಡೆಯ ಆಕಾರ ಕೊಡುತ್ತವೆ. ಪಟ್ಟಿ ತಪ್ಪು ಜಾಗದಲ್ಲಿ ನಿಂತರೆ ಒಳ್ಳೆಯ ಅಂಗ ಸುಡುತ್ತದೆ. 2005ರಲ್ಲಿ ನ್ಯೂಯಾರ್ಕಿನಲ್ಲಿ ನಾಲಿಗೆ ಕ್ಯಾನ್ಸರಿನ ಒಬ್ಬ ರೋಗಿಗೆ ಹೀಗೇ ಆಯಿತು. ಕಂಪ್ಯೂಟರ್ ಕೈಕೊಟ್ಟು ಪಟ್ಟಿಗಳ ಮಾಹಿತಿ ಉಳಿಯಲಿಲ್ಲ. ಮೂರು ದಿನ ಪಟ್ಟಿಗಳು ಪೂರ್ತಿ ತೆರೆದೇ ಇದ್ದವು. ಚೆಕ್ ಮಾಡಿದ್ದು ಮೂರನೆಯ ದಿನದ ನಂತರ. 2007ರಲ್ಲಿ ಅವರು ತೀರಿಕೊಂಡರು.

ಹಾಗಾಗಿ ಮೊದಲೇ ಪರೀಕ್ಷೆ. ಹಳೆಯ ಪದ್ಧತಿಯಲ್ಲಿ ರೋಗಿಯ ಜಾಗದಲ್ಲಿ ಫ್ಯಾಂಟಮ್ ಇಡುತ್ತಾರೆ. ಹೆಸರು ಭೂತದ್ದಾದರೂ ಅದು ನೀರಿನ ಅಥವಾ ಪ್ಲಾಸ್ಟಿಕ್ಕಿನ ಒಂದು ದಿಮ್ಮಿ, ಒಳಗೆ ಡೋಸ್ ಅಳೆಯುವ ಸಾಧನ. ಸಾಮಾನ್ಯವಾಗಿ ಶೇ. 3 ಡೋಸ್, 2 ಮಿ.ಮೀ. ದೂರದ ಮಿತಿಯೊಳಗೆ ಶೇ. 95 ಬಿಂದುಗಳು ಹೊಂದಬೇಕು. ಆದರೆ ಹಗಲೆಲ್ಲ ಯಂತ್ರದ ಮೇಲೆ ರೋಗಿಗಳು ಇರುತ್ತಾರೆ. ಈ ಕೆಲಸ ಸಂಜೆ ಮೇಲೆ, ಒಬ್ಬೊಬ್ಬರದೇ ಆಗಬೇಕು. ಖಾಲಾ ಕಾದದ್ದು ಇದಕ್ಕೇ.

ಫ್ಯಾಂಟಮ್ ಇಲ್ಲದೆಯೂ ನೋಡಲು ಮೂರು ದಾರಿಗಳಿವೆ. ಒಂದು, ಬೇರೆಯದೇ ಸಾಫ್ಟ್‌ವೇರ್ ಅದೇ ಪ್ಲಾನಿನ ಡೋಸನ್ನು ಹೊಸದಾಗಿ ಲೆಕ್ಕ ಹಾಕುತ್ತದೆ. ಎರಡು, ಖಾಲಿ ಮಂಚದ ಮೇಲೆ ಪ್ಲಾನ್ ಓಡಿಸಿದಾಗ ಪಟ್ಟಿಗಳು ಎಲ್ಲೆಲ್ಲಿ ನಿಂತವು ಎಂದು ಯಂತ್ರವೇ ಬರೆದಿಟ್ಟ ಲಾಗ್ ಫೈಲನ್ನು ಪ್ಲಾನಿನ ಜೊತೆ ಹೋಲಿಸುತ್ತಾರೆ. ಮೂರು, ಯಂತ್ರದ ಎದುರಿಗಿರುವ ಚಿತ್ರ ತೆಗೆಯುವ ಫಲಕ ಕಿರಣವನ್ನು ನೇರವಾಗಿ ಹಿಡಿಯುತ್ತದೆ.

ನಾವು ಕಾಮರ್ಸ್‌ನವರಿಗೆ ಇದು ಹೊಸದಲ್ಲ. ಕ್ಯಾಶ್ ಬುಕ್ಕನ್ನು ಪಾಸ್ ಬುಕ್ಕಿನ ಜೊತೆ ತಾಳೆ ನೋಡುವ ಬಿ.ಆರ್.ಎಸ್. ಇದೇ ಅಲ್ಲವೇ? ಎರಡೂ ಪುಸ್ತಕ ಒಬ್ಬರೇ ಬರೆದಿದ್ದರೆ ತಾಳೆಗೆ ಬೆಲೆಯಿಲ್ಲ. ಲಾಗ್ ಫೈಲ್ ಯಂತ್ರದ ಸ್ವಂತ ಪುಸ್ತಕ. ಅದರ ಸೆನ್ಸರೇ ತಪ್ಪಿದ್ದರೆ ಫೈಲೂ ತಪ್ಪು ಹೇಳುತ್ತದೆ. ಬರೀ ಲೆಕ್ಕ ನೋಡಿದರೂ ಸಾಲದು. ನ್ಯೂಯಾರ್ಕಿನಲ್ಲಿ ಯಂತ್ರಕ್ಕೆ ತಲುಪಿದ ಫೈಲೇ ಕೆಟ್ಟಿತ್ತು. ಆದ್ದರಿಂದ ಈ ದಾರಿಗಳನ್ನು ಜೋಡಿಸಿ ಬಳಸಬೇಕು, ಯಂತ್ರವನ್ನು ಮಾತ್ರ ನಿಜವಾದ ಅಳತೆಯಿಂದ ದಿನಾ ಪರೀಕ್ಷಿಸುತ್ತಲೇ ಇರಬೇಕು. ಪ್ರತಿ ರೋಗಿಗೂ ಫ್ಯಾಂಟಮ್ ಇಡುವುದನ್ನು ಬಿಡಬಹುದು, ಅಳೆಯುವುದನ್ನೇ ಬಿಡುವಂತಿಲ್ಲ.

ಖಾಲಾ 35 ದಿನ ಮುಗಿಸಿ ಮನೆಗೆ ಬಂದಿದ್ದಾರೆ, ಅಲ್ಹಮ್ದುಲಿಲ್ಲಾಹ್. ಮಿಶ್ರಿ ಡಬ್ಬಿ ಈಗ ಮನೆಯಲ್ಲಿಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದಿಂದ ಬೆಳಗಾವಿಗೋ ಮಿರಜಿಗೋ ಹೋಗುವವರು ನಿಮ್ಮ ಮನೆಯಲ್ಲೂ ಇರಬಹುದು. “ಪ್ಲಾನ್ ಚೆಕ್ ಆಯಿತಾ, ಹೇಗೆ ಮಾಡಿದಿರಿ?” ಎಂದು ಕೇಳಿ. ಕೇಳುವುದು ತಪ್ಪಲ್ಲ. ಒಂದೆರಡು ದಿನ ಕಾಯಿಸಿದರೆ ಸಿಟ್ಟಾಗಬೇಡಿ.