ಮೂರನೇ ಕ್ಲಾಸಿನ ಮಗು ಓದುತ್ತದೆಯೇ?



ನೀವೀಗ ಓದಲು ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಹಾಕುತ್ತೀರಿ. ಈಗ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಮೂರನೇ ಕ್ಲಾಸಿಗೆ ಹೋಗುವ ಮಗು ಇದ್ದರೆ ಹತ್ತಿರ ಕೂರಿಸಿಕೊಳ್ಳಿ. ಕೆಳಗಿನ ನಾಲ್ಕು ಸಾಲು ಓದಿಸಿ.

ನಮ್ಮ ಮನೆಯಲ್ಲಿ ಒಂದು ಆಡು ಇದೆ.
ಅದರ ಬಣ್ಣ ಕಪ್ಪು.
ಅದು ಬೇವಿನ ಸೊಪ್ಪು ತಿನ್ನುತ್ತದೆ.
ನಾನು ಅದಕ್ಕೆ ನೀರು ಕೊಡುತ್ತೇನೆ.

ಮಗು ಸರಾಗವಾಗಿ ಓದಿತೇ? ಒಂದೊಂದೇ ಅಕ್ಷರ ಕೂಡಿಸಿ ತಡವರಿಸಿತೇ? 'ತಿನ್ನುತ್ತದೆ' ಅನ್ನುವಲ್ಲಿ ನಿಂತುಬಿಟ್ಟಿತೇ? ಬೈಯಬೇಡಿ. ಹೊಡೆಯಲಂತೂ ಹೋಗಬೇಡಿ. ಎಲ್ಲಿ ನಿಂತಿತು ಅಂತ ನೋಡಿಕೊಳ್ಳಿ, ಸಾಕು.

ಇದು ನನ್ನ ತಲೆಯಿಂದ ಹುಟ್ಟಿದ ಪರೀಕ್ಷೆ ಅಲ್ಲ. 'ಪ್ರಥಮ್' ಎಂಬ ಸಂಸ್ಥೆ 2005ರಿಂದ ದೇಶದ ಹಳ್ಳಿಹಳ್ಳಿಗೆ ಹೋಗಿ ಹೀಗೆಯೇ ಮಕ್ಕಳನ್ನು ಓದಿಸಿ ನೋಡುತ್ತಿದೆ. ಈ ಸಮೀಕ್ಷೆಗೆ 'ಅಸರ್' ಎಂದು ಹೆಸರು. ಮೊದಲು ಅಕ್ಷರ, ಆಮೇಲೆ ಪದ, ಆಮೇಲೆ ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲು, ಕೊನೆಗೆ ಎರಡನೇ ಕ್ಲಾಸಿನ ಮಟ್ಟದ ಒಂದು ಸಣ್ಣ ಕಥೆ. ಮಗು ಎಲ್ಲಿಯವರೆಗೆ ಓದುತ್ತದೋ ಅಲ್ಲಿಗೆ ಒಂದು ಗುರುತು. ಅಷ್ಟೇ.

ಗೊತ್ತಾದದ್ದೇನು? ಮನಸ್ಸಿಗೆ ಬೇಸರ ಆಗುವ ಸಂಗತಿ. 2024ರಲ್ಲಿ ದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಮೂರನೇ ಕ್ಲಾಸಿನ 100 ಮಕ್ಕಳಲ್ಲಿ ಸುಮಾರು 23 ಮಕ್ಕಳು ಮಾತ್ರ ಎರಡನೇ ಕ್ಲಾಸಿನ ಕಥೆ ಓದಿದರು. ಐದನೇ ಕ್ಲಾಸಿಗೆ ಬಂದರೂ 100ಕ್ಕೆ ಸುಮಾರು 45 ಮಕ್ಕಳಿಗೆ ಮಾತ್ರ ಅದು ಸಾಧ್ಯವಾಯಿತು. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿತ್ತಲ್ಲ, ಅದಾದ ಮೇಲೆ 2022ರಲ್ಲಿ ನೋಡಿದಾಗ ಮೂರನೇ ಕ್ಲಾಸಿನ ಲೆಕ್ಕ 100ಕ್ಕೆ ಸುಮಾರು 16ಕ್ಕೆ ಇಳಿದಿತ್ತು. ಈಗ ಸ್ವಲ್ಪ ಮೇಲೆ ಬಂದಿದೆ. ಆದರೂ ಇದು ಸಾಲದು.

ಮಕ್ಕಳು ದಡ್ಡರಲ್ಲ. ಹಾಗಾದರೆ ತಪ್ಪು ಯಾರದು? ಇಲ್ಲಿಂದ ಜಗಳ ಶುರು.

ಮೇಷ್ಟ್ರು ಬರಲ್ಲ ಅಂತಾರೆ, ನಿಜವೇ?

ನಾನೂ ಒಬ್ಬ ಟೀಚರೇ. ಆದ್ದರಿಂದ ಈ ಮಾತು ಎತ್ತಲು ಸ್ವಲ್ಪ ಸಂಕೋಚ. ಆದರೂ ಹೇಳಿಬಿಡುತ್ತೇನೆ.

2003ರಲ್ಲಿ ಸಂಶೋಧಕರು ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಮುಂಚೆ ತಿಳಿಸದೆ ಹೋಗಿ ನೋಡಿದರು. 100 ಮೇಷ್ಟ್ರಲ್ಲಿ 25 ಮಂದಿ ಶಾಲೆಯಲ್ಲಿ ಇರಲಿಲ್ಲ. ಪೇಪರಿನಲ್ಲಿ ದೊಡ್ಡ ಸುದ್ದಿಯಾಯಿತು. ಮೇಷ್ಟ್ರೆಲ್ಲ ಕಳ್ಳರು ಅಂತ ಜನ ಮಾತಾಡಿದರು.

ಆದರೆ 'ಇಲ್ಲ' ಅನ್ನುವುದಕ್ಕೂ 'ಚಕ್ಕರ್ ಹೊಡೆದರು' ಅನ್ನುವುದಕ್ಕೂ ವ್ಯತ್ಯಾಸ ಇದೆ. 2017ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನವರು 6 ರಾಜ್ಯಗಳ 619 ಶಾಲೆಗಳನ್ನು ನೋಡಿದರು. ಅಲ್ಲೂ ಕೆಲವು ಮೇಷ್ಟ್ರು ಶಾಲೆಯಲ್ಲಿ ಇರಲಿಲ್ಲ. ಯಾಕೆ ಇಲ್ಲ ಅಂತ ಇವರು ಕೇಳಿದರು. ಬಹಳ ಜನ ತರಬೇತಿಗೆ ಹೋಗಿದ್ದರು, ಇಲಾಖೆ ಕೆಲಸಕ್ಕೆ ಹೋಗಿದ್ದರು, ರಜೆ ಹಾಕಿದ್ದರು. ಕಾರಣ ಇಲ್ಲದೆ ತಪ್ಪಿಸಿಕೊಂಡವರು 100ಕ್ಕೆ ಎರಡೂವರೆ ಮಂದಿ.

ಎರಡು ಸಮೀಕ್ಷೆಯೂ ಸುಳ್ಳಲ್ಲ. ಒಂದು ಖಾಲಿ ಕುರ್ಚಿ ಎಣಿಸಿತು. ಇನ್ನೊಂದು ಕುರ್ಚಿ ಯಾಕೆ ಖಾಲಿ ಅಂತ ಕೇಳಿತು. ಮಗುವಿಗೆ ಮಾತ್ರ ಎರಡೂ ಒಂದೇ. ಮೇಷ್ಟ್ರು ತೋಟಕ್ಕೆ ಹೋಗಿರಲಿ, ಮೀಟಿಂಗಿಗೆ ಹೋಗಿರಲಿ, ಅವತ್ತು ಪಾಠ ಇಲ್ಲ. ಜನಗಣತಿ, ಚುನಾವಣೆ, ನೆರೆ–ಬರದಂಥ ವಿಪತ್ತಿನ ಕೆಲಸ ಬಿಟ್ಟು ಮೇಷ್ಟ್ರನ್ನು ಪಾಠಕ್ಕೆ ಸಂಬಂಧ ಇಲ್ಲದ ಬೇರೆ ಕೆಲಸಕ್ಕೆ ಕಳಿಸಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ನಿಮ್ಮೂರ ಶಾಲೆಯಲ್ಲಿ ಮೇಷ್ಟ್ರು ಇಲ್ಲದಿದ್ದರೆ "ಯಾಕೆ ಬರಲಿಲ್ಲ?" ಅಂತ ಅವರನ್ನು ಕೇಳಿ. "ಯಾರು ಕಳಿಸಿದರು? ಎಲ್ಲಿಗೆ?" ಅಂತಲೂ ಕೇಳಿ.

ಇನ್ನೊಂದು ಮಾತು. 60 ಮಕ್ಕಳವರೆಗೆ ಇರುವ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಮೇಷ್ಟ್ರು ಅಂತ ಇದೇ ಕಾಯ್ದೆಯ ಲೆಕ್ಕ. ತರಗತಿ ಐದು, ಮೇಷ್ಟ್ರು ಇಬ್ಬರು. ಅಂದರೆ ಕಾನೂನಿನ ಪ್ರಕಾರವೇ ಒಬ್ಬ ಮೇಷ್ಟ್ರು ಎರಡು ಮೂರು ಕ್ಲಾಸು ಒಟ್ಟಿಗೆ ನೋಡಬೇಕು. ಒಂದು ಒಲೆಯ ಮೇಲೆ ಮೂರು ಪಾತ್ರೆ ಇಟ್ಟಂತೆ.

ಇದಕ್ಕೊಂದು ದಾರಿಯನ್ನು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಹುಡುಕಿದರು. ಆಂಧ್ರದ ರಿಷಿವ್ಯಾಲಿ ಶಾಲೆಯವರು ಹಳ್ಳಿ ಮಕ್ಕಳಿಗೆ ಕಲಿಸುವ ರೀತಿ ನೋಡಿ ಬಂದು, ಯುನಿಸೆಫ್ ನೆರವಿನಿಂದ 1995ರಲ್ಲಿ 'ನಲಿ–ಕಲಿ' ಶುರು ಮಾಡಿದರು. ಬೇರೆ ಬೇರೆ ಕ್ಲಾಸಿನ ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ. ಒಂದು ಮೆಟ್ಟಿಲು ಕಲಿತ ಮೇಲೆ ಮುಂದಿನ ಮೆಟ್ಟಿಲು. ಹಿಂದೆ ಬಿದ್ದ ಮಗು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. 2009ರ ಹೊತ್ತಿಗೆ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿಸಿದರು. "ಮಕ್ಕಳು ಆಟ ಆಡ್ತಾ ಕೂತವೆ, ಪಾಠ ಎಲ್ಲಿ?" ಅಂತ ಎಷ್ಟೋ ತಾಯಂದಿರು ಕೇಳುತ್ತಾರೆ. ಅದು ಆಟ ಅಲ್ಲ. ಆದರೆ ಕಾರ್ಡು ಹರಿದು, ಹೊಸದು ಬಾರದೆ, ಮೇಷ್ಟ್ರಿಗೆ ತರಬೇತಿಯೂ ಇಲ್ಲದಿದ್ದರೆ ಅದು ಬರೀ ಆಟವೇ ಆಗಿಬಿಡುತ್ತದೆ. ಆದ್ದರಿಂದ ಆ ತಾಯಂದಿರು ಕೇಳುವುದು ಸರಿ.

ಹಿಂದೆ ಬಿದ್ದ ಮಗುವಿಗೆ ಎರಡು ಗಂಟೆ

ಗುಜರಾತಿನ ವಡೋದರಾ ಮತ್ತು ಮುಂಬೈನಲ್ಲಿ 2001ರಿಂದ 2003ರವರೆಗೆ ಒಂದು ಪ್ರಯೋಗ ನಡೆಯಿತು. ಸರ್ಕಾರಿ ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಕಲಿಸಿದರು. ಕಲಿಸಿದವರು ಅದೇ ಊರಿನ ಹೆಣ್ಣುಮಕ್ಕಳು. ಅವರನ್ನು 'ಬಾಲಸಖಿ' ಅಂತ ಕರೆದರು. ದೊಡ್ಡ ಡಿಗ್ರಿ ಇರಲಿಲ್ಲ. ಸಂಬಳವೂ ಅಷ್ಟಕ್ಕಷ್ಟೇ. ವರ್ಷದ ಕೊನೆಗೆ ನೋಡಿದರೆ ಮಕ್ಕಳು ಮುಂದೆ ಬಂದಿದ್ದರು. ಎಲ್ಲರಿಗಿಂತ ಹಿಂದೆ ಇದ್ದ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು.

ಈ ಪ್ರಯೋಗ ಅಳೆದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಎಂಬ ಗಂಡ–ಹೆಂಡತಿ ಇದ್ದರು. ಬಡತನ ಕಳೆಯುವುದು ಹೇಗೆಂದು ಇಂಥ ಪ್ರಯೋಗಗಳಿಂದ ಹುಡುಕಿದ್ದಕ್ಕೆ ಅವರಿಗೂ ಮೈಕೆಲ್ ಕ್ರೆಮರ್ ಎಂಬುವರಿಗೂ 2019ರಲ್ಲಿ ನೊಬೆಲ್ ಬಹುಮಾನ ಬಂತು.

ಗುಟ್ಟು ಏನು? ಮೇಷ್ಟ್ರಿಗೆ ಪುಸ್ತಕ ಮುಗಿಸುವ ಅವಸರ. ಮೂರನೇ ಕ್ಲಾಸಿನ ಪುಸ್ತಕ ತೆಗೆದು ಪಾಠ ಮಾಡುತ್ತಾರೆ. ಕಾಗುಣಿತವೇ ಬಾರದ ಮಗು ಸುಮ್ಮನೆ ಕೂತಿರುತ್ತದೆ. ಬಾಲಸಖಿಗೆ ಪುಸ್ತಕ ಮುಗಿಸುವ ಗಡುವು ಇಲ್ಲ. ಮಗು ಕಾಗುಣಿತದಲ್ಲಿ ನಿಂತಿದ್ದರೆ ಅವಳೂ ಕಾಗುಣಿತದಿಂದಲೇ ಶುರು ಮಾಡುತ್ತಾಳೆ.

ಇದನ್ನೇ ಹಿಡಿದುಕೊಂಡು "ಕಡಿಮೆ ಸಂಬಳದ ಹುಡುಗಿಯರೇ ಸಾಕು, ಕಾಯಂ ಮೇಷ್ಟ್ರು ಯಾಕೆ?" ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಾಲಸಖಿಯರು ಮೇಷ್ಟ್ರ ಜಾಗಕ್ಕೆ ಬಂದವರಲ್ಲ, ಮೇಷ್ಟ್ರ ಜೊತೆಗೆ ಬಂದವರು. ಒಳ್ಳೆ ಕೆಲಸ ಮಾಡಿದ ಹೆಣ್ಣುಮಗಳಿಗೆ ಕಡಿಮೆ ಕೂಲಿ ಕೊಟ್ಟರೆ ಸಾಕು ಅನ್ನುವ ಮಾತು ನಮಗೆ ಹೊಸದೂ ಅಲ್ಲ.

ಕಾನ್ವೆಂಟಿಗೆ ಹಾಕಿದರೆ?

ಸಂಘದಲ್ಲಿ ಸಾಲ ತೆಗೆದು ಮಗನನ್ನು ಕಾನ್ವೆಂಟಿಗೆ ಹಾಕುತ್ತಾರೆ. ಮಗಳು ಮಾತ್ರ ಸರ್ಕಾರಿ ಶಾಲೆಗೆ. ಇದು ನಮ್ಮ ಊರುಗಳಲ್ಲಿ ನಡೆಯುವುದೇ.

ಆಂಧ್ರಪ್ರದೇಶದ ಹಳ್ಳಿಗಳಲ್ಲಿ 2008ರಿಂದ ಒಂದು ಪರೀಕ್ಷೆ ಮಾಡಿದರು. ಸರ್ಕಾರಿ ಶಾಲೆಯ ಮಕ್ಕಳ ಹೆಸರು ಬರೆದು ಚೀಟಿ ಎತ್ತಿದರು. ಚೀಟಿ ಬಂದ ಮಕ್ಕಳು ಫೀಜಿಲ್ಲದೆ ಖಾಸಗಿ ಶಾಲೆಗೆ ಹೋದರು. ಉಳಿದವರು ಇದ್ದಲ್ಲೇ ಓದಿದರು. ನಾಲ್ಕು ವರ್ಷದ ಮೇಲೆ ತೆಲುಗು ಮತ್ತು ಲೆಕ್ಕದಲ್ಲಿ ಇಬ್ಬರಿಗೂ ವ್ಯತ್ಯಾಸ ಕಾಣಲಿಲ್ಲ. ಹಿಂದಿ ಮಾತ್ರ ಖಾಸಗಿ ಶಾಲೆಯವರಿಗೆ ಚೆನ್ನಾಗಿ ಬರುತ್ತಿತ್ತು, ಯಾಕೆಂದರೆ ಅಲ್ಲಿ ಹಿಂದಿಗೆ ಹೆಚ್ಚು ಹೊತ್ತು ಕೊಡುತ್ತಿದ್ದರು.

ಇದರಲ್ಲೂ ಜಗಳ. "ನೋಡಿ, ಸರ್ಕಾರಿ ಶಾಲೆ ಏನೂ ಕಡಿಮೆಯಿಲ್ಲ" ಅಂತ ಒಬ್ಬರು. "ಖಾಸಗಿಯವರು ಕಡಿಮೆ ಖರ್ಚಿನಲ್ಲಿ ಅಷ್ಟೇ ಕಲಿಸಿದರಲ್ಲ" ಅಂತ ಇನ್ನೊಬ್ಬರು. ಎರಡೂ ನಿಜ. ಸಾಲ ಮಾಡುವ ತಾಯಿ ನೋಡಬೇಕಾದದ್ದು ಬೇರೆ: ಟೈ, ಬೂಟು, ವ್ಯಾನು ನೋಡಿ ಮಗು ಕಲಿಯುತ್ತಿದೆ ಅಂದುಕೊಳ್ಳಬೇಡಿ. ಕಾನ್ವೆಂಟಿನ ಮಗುವನ್ನೂ ಕೂರಿಸಿ ಓದಿಸಿ ನೋಡಿ.

ಇಂಗ್ಲಿಷಿನ ಆಸೆ ತಪ್ಪಲ್ಲ. 2019ರಲ್ಲಿ ನಮ್ಮ ಸರ್ಕಾರವೇ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ಕ್ಲಾಸು ತೆರೆಯಿತು. ಸಾಹಿತಿಗಳು ವಿರೋಧಿಸಿದರು, ತಂದೆತಾಯಿ ಸಾಲು ನಿಂತರು. ನನ್ನ ಮಟ್ಟಿಗೆ ಹೇಳುವುದಾದರೆ, ಮನೆಯ ಮಾತಿನಲ್ಲಿ ಓದು ಬಂದ ಮಗು ಇಂಗ್ಲಿಷನ್ನು ಭಾಷೆಯಾಗಿ ಬೇಗ ಹಿಡಿಯುತ್ತದೆ. ಅರ್ಥವಾಗದ ಭಾಷೆಯಲ್ಲಿ ಲೆಕ್ಕ ಕಲಿಸಿದರೆ ಎರಡೂ ಹೋಗುತ್ತದೆ.

ಬಿಸಿಯೂಟದ ಬಗ್ಗೆ ಒಂದೇ ಮಾತು. ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಬೇಯಿಸಿದ ಊಟ ಕೊಡಿ ಅಂತ ಎಲ್ಲ ರಾಜ್ಯಗಳಿಗೆ ಹೇಳಿತು. ನಮ್ಮಲ್ಲಿ 2002ರಿಂದ ಅಕ್ಷರ ದಾಸೋಹ ಶುರುವಾಯಿತು. ಊಟ ಬಂದ ಮೇಲೆ ಶಾಲೆಗೆ ಸೇರುವವರು, ಅದರಲ್ಲೂ ಹೆಣ್ಣುಮಕ್ಕಳು ಹೆಚ್ಚಾದರು. ಹಲವು ವರ್ಷ ಬಿಸಿಯೂಟ ಉಂಡ ಮಕ್ಕಳು ಓದಿನಲ್ಲೂ ಮುಂದೆ ಇದ್ದಾರೆ ಅಂತ ಸಂಶೋಧನೆ ತೋರಿಸಿದೆ. ಇದನ್ನು ಯಾರೂ ದಂಡ ಅನ್ನದಿರಲಿ.

ಎಸ್.ಡಿ.ಎಂ.ಸಿ.ಯಿಂದ ಏನಾದೀತು?

ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇರಬೇಕು. ನಮ್ಮ ರಾಜ್ಯದಲ್ಲಿ ಇದು 2001ರಲ್ಲಿ ಬಂತು. ಡಾ. ರಾಜಾರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ ಬಂದದ್ದು. ಆಮೇಲೆ ಶಿಕ್ಷಣ ಹಕ್ಕು ಕಾಯ್ದೆಯೂ ಶಾಲಾ ಸಮಿತಿ ಬೇಕೇ ಬೇಕು ಅಂದಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರು. ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು.

ಸಮಿತಿಯಿಂದ ಶಾಲೆ ಸುಧಾರಿಸುತ್ತದೆಯೇ? ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಇದನ್ನು ಪರೀಕ್ಷೆ ಮಾಡಿದರು. ಬಹಳ ಜನ ತಂದೆತಾಯಂದಿರಿಗೆ ತಮ್ಮೂರಲ್ಲಿ ಸಮಿತಿ ಇದೆ ಎಂಬುದೇ ಗೊತ್ತಿರಲಿಲ್ಲ. ಸದಸ್ಯರಾಗಿದ್ದ ಕೆಲವರಿಗೆ ತಾವು ಸದಸ್ಯರು ಎಂಬುದೂ ಗೊತ್ತಿರಲಿಲ್ಲ! ಊರ ಸಭೆ ಕರೆದು ಎಲ್ಲ ವಿವರಿಸಿದರು. ಕೆಲವು ಊರುಗಳಲ್ಲಿ ಮಕ್ಕಳ ಓದು ಅಳೆಯುವುದನ್ನೂ ಹೇಳಿಕೊಟ್ಟರು. ಶಾಲೆಯಲ್ಲಿ ಏನೂ ಬದಲಾಗಲಿಲ್ಲ. ಆದರೆ ಇನ್ನು ಕೆಲವು ಊರುಗಳಲ್ಲಿ ಊರಿನ ಯುವಕ ಯುವತಿಯರಿಗೆ ಕಲಿಸುವ ರೀತಿ ತೋರಿಸಿ, ಶಾಲೆ ಬಿಟ್ಟ ಮೇಲೆ ಓದಿನ ಶಿಬಿರ ಮಾಡಿಸಿದರು. ಅಲ್ಲಿಗೆ ಬಂದ ಮಕ್ಕಳು ಕಡಿಮೆ. ಬಂದವರು ಮಾತ್ರ ಓದಿನಲ್ಲಿ ಚೆನ್ನಾಗಿ ಮುಂದೆ ಬಂದರು.

ಹಾಗಾದರೆ ಸಭೆ ದಂಡವೇ? ಅವಸರ ಬೇಡ. ಕರ್ನಾಟಕ, ಮಧ್ಯಪ್ರದೇಶ, ಉತ್ತರ ಪ್ರದೇಶ, ಈ ಮೂರು ರಾಜ್ಯಗಳಲ್ಲಿ ಇನ್ನೊಂದು ಪರೀಕ್ಷೆ ನಡೆಯಿತು. ಇಲ್ಲಿ ಒಂದೊಂದು ಊರಲ್ಲೂ ಎಂಟು ಒಂಬತ್ತು ಸಭೆ ಮಾಡಿದರು. ಶಾಲೆಯ ವಿಚಾರದಲ್ಲಿ ನಿಮ್ಮ ಅಧಿಕಾರ ಏನು ಅಂತ ಮತ್ತೆ ಮತ್ತೆ ಹೇಳಿದರು. ಮೂರು ರಾಜ್ಯದಲ್ಲೂ ಸ್ವಲ್ಪ ಗುಣ ಕಂಡಿತು. ಕೆಲವು ಕಡೆ ಸಮವಸ್ತ್ರ, ವಿದ್ಯಾರ್ಥಿವೇತನ, ಬಿಸಿಯೂಟ ಸರಿಯಾಗಿ ಸಿಗತೊಡಗಿತು. ಓದು, ಬರಹ, ಲೆಕ್ಕದಲ್ಲಿಯೂ ಅಲ್ಲಲ್ಲಿ ಒಂದೊಂದು ತರಗತಿಯಲ್ಲಿ ಮಕ್ಕಳು ಮೇಲೆ ಬಂದರು. ದೊಡ್ಡ ಪವಾಡವೇನೂ ಆಗಲಿಲ್ಲ. ಆದರೆ ಒಂದು ಸಭೆಗೆ ಹೋಗಿ ಬಂದು ಸುಮ್ಮನಾಗುವುದೇ ಬೇರೆ, ಎಂಟು ಸಲ ಹೋಗುವುದೇ ಬೇರೆ ಅಂತ ನನಗನ್ನಿಸುತ್ತದೆ. ಸಂಘದ ವಾರದ ಸಭೆ ನಡೆಸುವ ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ತಾಯಂದಿರು ಓದಲು ಕಲಿತರೆ ಮಕ್ಕಳಿಗೆ ಏನಾಗುತ್ತದೆ ಅಂತಲೂ ನೋಡಿದ್ದಾರೆ. ಬಿಹಾರ ಮತ್ತು ರಾಜಸ್ಥಾನದಲ್ಲಿ ಕೆಲವು ಊರುಗಳಲ್ಲಿ ತಾಯಂದಿರಿಗೆ ಅಕ್ಷರ ಕಲಿಸಿದರು. ಕೆಲವು ಊರುಗಳಲ್ಲಿ ಮಗುವಿನ ಜೊತೆ ಕೂತು ಮಾಡುವ ಸಣ್ಣ ಅಭ್ಯಾಸದ ಹಾಳೆಗಳನ್ನು ಮನೆಗೆ ಕೊಟ್ಟರು. ಮಕ್ಕಳ ಲೆಕ್ಕ ಸ್ವಲ್ಪ ಸುಧಾರಿಸಿತು. ಸ್ವಲ್ಪವೇ. ಆದರೆ ಅದಕ್ಕಾಗಿ ಹೊಸ ಕಟ್ಟಡ ಕಟ್ಟಿರಲಿಲ್ಲ, ಹೊಸ ಮೇಷ್ಟ್ರನ್ನು ತಂದಿರಲಿಲ್ಲ.

ಮುಂದಿನ ಸಲ ಶಾಲೆಗೆ ಹೋದಾಗ ಸಮಿತಿಯ ಸದಸ್ಯರ ಪಟ್ಟಿ ತೋರಿಸಿ ಅಂತ ಹೆಡ್ ಮಾಸ್ಟರನ್ನು ಕೇಳಿ. ಪಟ್ಟಿ ಓದಿ. ಹೆಂಗಸರ ಹೆಸರು ಎಣಿಸಿ. ಅರ್ಧ ಇದೆಯೇ? ಆ ಹೆಂಗಸರು ಸಭೆಗೆ ತಾವೇ ಬರುತ್ತಾರೋ, ಗಂಡಂದಿರು ಬಂದು ಕೂರುತ್ತಾರೋ? ಶಾಲೆಗೆ ಬಂದ ಅನುದಾನ ಎಷ್ಟು, ಖರ್ಚು ಎಷ್ಟು ಅಂತ ಕೇಳುವುದು, ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು ಸಮಿತಿಯ ಕೆಲಸ ಅಂತ ಕಾಯ್ದೆಯಲ್ಲಿದೆ. ಕಾಂಪೌಂಡು, ಗೇಟು, ಬಣ್ಣ ಅಂತ ಎಲ್ಲರೂ ಆ ಯೋಜನೆಯಲ್ಲಿ ಬರೆಸುತ್ತಾರೆ. ಮೂರನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿಗೆ ಓದು ಬರುತ್ತದೆ, ಬಾರದವರಿಗೆ ದಿನಕ್ಕೆ ಎಷ್ಟು ಹೊತ್ತು ಯಾರು ಕಲಿಸುತ್ತಾರೆ ಎಂಬುದನ್ನೂ ಅದರಲ್ಲಿ ಬರೆಸಿ.