ಮುಕ್ತ ತಂತ್ರಾಂಶದ ಕೈಪಿಡಿಯೂ ಕನ್ನಡದ ಓದುಗನೂ

ಒಳಗಿನ ಆಕರ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶವೆಂದು ಹೆಸರು. ಆದರೆ ಅದರ ಕೈಪಿಡಿ ಬಳಕೆದಾರನ ನುಡಿಯಲ್ಲಿ ಇಲ್ಲದಿದ್ದರೆ ಆ ಮುಕ್ತತೆ ಇಂಗ್ಲಿಷ್ ಬಲ್ಲವರ ಮಟ್ಟಿಗೇ ಉಳಿಯುತ್ತದೆ. ಕನ್ನಡದೊಂದಿಗೆ ಮರಾಠಿ, ಉರ್ದು, ತೆಲುಗುಗಳೂ ಕೇಳಿಬರುವ ಬೀದರ್ ಜಿಲ್ಲೆಯ ಬಸವಕಲ್ಯಾಣ–ಹುಮನಾಬಾದ್ ಸೀಮೆಯಲ್ಲಿ, ನಾರಾಯಣಪುರದ ಓದುಗನನ್ನು ನೆನೆದು ನೋಡಿದರೆ, ಕೈಪಿಡಿ ಬರೆಯುವ ಸಾಧನದ ಆಯ್ಕೆ ತಂತ್ರಜ್ಞರ ಅನುಕೂಲದ ಪ್ರಶ್ನೆಯಷ್ಟೇ ಅಲ್ಲವೆಂಬುದು ಮನದಟ್ಟಾಗುತ್ತದೆ.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಆಧಾರವಾಗಿರುವ ಮೀಡಿಯಾವಿಕಿ ಒಂದು ದಾರಿ. ಪ್ರೋಗ್ರಾಮಿಂಗ್ ಅರಿಯದವರೂ ಅದರಲ್ಲಿ ಬರೆಯಬಹುದು. ಆದರೆ ಬರಹವು ಸಂಕೇತದಿಂದ ದೂರವಿರುವ ಕಾರಣ, ತಂತ್ರಾಂಶ ಬದಲಾದಾಗ ಕೈಪಿಡಿ ಹಿಂದೆ ಬೀಳುವ ಭಯವಿದೆ.

ಇನ್ನೊಂದು ದಾರಿ, ಮಾರ್ಕ್‌ಡೌನ್‌ನಂಥ ಸರಳ ಗುರುತುಗಳ ಪಠ್ಯವನ್ನು ಸಂಕೇತದ ಜೊತೆಯಲ್ಲೇ ಇಟ್ಟು, ಅದರಿಂದ ಜಾಲಪುಟ ಮತ್ತು ಪಿಡಿಎಫ್ ಎರಡನ್ನೂ ಹೊರತರುವುದು. ಪೈಥಾನ್ ಭಾಷೆಯ ಕೈಪಿಡಿಗಾಗಿ ಹುಟ್ಟಿ 2008ರಲ್ಲಿ ಬಿಡುಗಡೆಯಾದ ಸ್ಫಿಂಕ್ಸ್ ಈ ಬಗೆಯದು. ಲಿನಕ್ಸ್ ಕರ್ನಲ್‌ನ ಕೈಪಿಡಿ ಕೂಡ 2016ರಲ್ಲಿ ಇದರತ್ತ ಹೊರಳಿತು. ಕನ್ನಡಕ್ಕೆ ಇದರ ದೊಡ್ಡ ಉಪಕಾರವೆಂದರೆ, ಗೆಟ್‌ಟೆಕ್ಸ್ಟ್ ಎಂಬ ವ್ಯವಸ್ಥೆಯ ಮೂಲಕ ಮೂಲ ಬರಹವನ್ನು ಸಣ್ಣ ತುಣುಕುಗಳಾಗಿ ಅನುವಾದಕರ ಮುಂದಿಡುವುದು. ಮೂಲ ಬದಲಾದರೆ ಸಂಬಂಧಪಟ್ಟ ತುಣುಕಿಗಷ್ಟೇ ಮರುಪರಿಶೀಲನೆಯ ಗುರುತು ಬೀಳುತ್ತದೆ. ಅನುವಾದವಾಗದ ಭಾಗ ಇಂಗ್ಲಿಷಿನಲ್ಲೇ ಕಾಣುತ್ತದೆ. ಹೀಗಾಗಿ ಅರ್ಧ ಮುಗಿದ ಕನ್ನಡ ಕೈಪಿಡಿಯೂ ಉಪಯೋಗಕ್ಕೆ ಬರುತ್ತದೆ, ಬಿಡುವಿನ ವೇಳೆಯಲ್ಲಿ ದುಡಿಯುವವರಿಗೆ ಇದು ಸಣ್ಣ ಮಾತಲ್ಲ.

ಆದರೂ ಸಾಧನವನ್ನು ಕಣ್ಣು ಮುಚ್ಚಿ ನಂಬಲಾಗದು. ಪಿಡಿಎಫ್ ತಯಾರಿಸಲು ಹಳೆಯ ಪಿಡಿಎಫ್‌ಲೇಟೆಕ್ ಬಳಸಿದರೆ ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂಡವು; ಯೂನಿಕೋಡ್ ಅಕ್ಷರಜೋಡಣೆ ಬಲ್ಲ ಜೀಲೇಟೆಕ್‌ನಂಥದ್ದು ಬೇಕಾಗುತ್ತದೆ. ಹುಡುಕಾಟದಲ್ಲಿಯೂ ತೊಡಕಿದೆ: ಪೈಥಾನ್‌ನಲ್ಲಿ ಪದಗಳನ್ನು ಬಿಡಿಸುವ ವಾಡಿಕೆಯ ಸೂತ್ರವು ಗುಣಿತದ ಚಿಹ್ನೆಗಳನ್ನು ಅಕ್ಷರವೆಂದು ಗಣಿಸದ ಕಾರಣ, ‘ಕೈಪಿಡಿ’ ಎಂಬ ಪದ ಕ, ಪ, ಡ ಎಂದು ಚೂರಾಗಿ, ಆ ಸೂತ್ರವನ್ನು ನೆಚ್ಚಿದ ಹುಡುಕಾಟ ಸೋಲುತ್ತದೆ. ನೆರೆಯ ಉರ್ದು ಓದುಗನಿಗಾದರೆ ಬಲದಿಂದ ಎಡಕ್ಕೆ ಸಾಗುವ ಪುಟವೂ ಬೇಕು.

ಬೀದರ್ ಜಿಲ್ಲೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮುಕ್ತ ತಂತ್ರಾಂಶದ ಕೆಲಸಕ್ಕೆ ಇಳಿಯುವಾಗ, ಸಾಧನವನ್ನು ಗೊತ್ತುಮಾಡುವ ಮೊದಲು ಒಂದೇ ಒಂದು ಕನ್ನಡ ಪುಟವನ್ನು ಅದರಲ್ಲಿ ಹಾಕಿ, ತೆರೆಯ ಮೇಲೆ, ಮುದ್ರಣದಲ್ಲಿ, ಹುಡುಕಾಟದಲ್ಲಿ ಪರೀಕ್ಷಿಸಿ, ಕಂಡ ದೋಷವನ್ನು ಆ ಸಾಧನದ ನಿರ್ಮಾಪಕರಿಗೆ ತಪ್ಪದೆ ತಿಳಿಸಬೇಕು.